ಜಶುಬೆನ್ ಹಿಡಿಯಹೊರಟ ವೈಫೈ ಕಳ್ಳಿ

ಜಶುಮತಿಬೆನ್ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಾರೆ. ತರಕಾರಿಯವನ ತಕ್ಕಡಿಯನ್ನು ಮೊದಲು ಖಾಲಿ ಎತ್ತಿಸುತ್ತಾರೆ. ಅಹಮದಾಬಾದಿನ ನಮ್ಮ ಪೋಳದಲ್ಲಿ, ಅಂದರೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಈ ಓಣಿಯಲ್ಲಿ, ಅವರ ಎದುರು ಮನೆಗೆ ನಾನು ಬಾಡಿಗೆಗೆ ಬಂದು ಇಪ್ಪತ್ತೆರಡು ವರ್ಷ. ಬಂದ ಹೊಸದರಲ್ಲಿ ನನ್ನ ಊರು, ಜಾತಿ, ಗಂಡನ ನೌಕರಿ ಎಲ್ಲ ವಿಚಾರಿಸಿ, ಆಮೇಲೂ ಆರು ತಿಂಗಳು ನನ್ನ ಅಡುಗೆಮನೆಯ ವಾಸನೆ ಹಿಡಿದು ತನಿಖೆ ನಡೆಸಿದ್ದರು.

ಅವರು ನಂಬಿದ್ದು ಇಬ್ಬರನ್ನೇ. ಒಬ್ಬ ಮನೆದೇವರು ಲಾಲಜಿ, ಹೆಬ್ಬೆರಳುದ್ದದ ಬಾಲಕೃಷ್ಣ. ಇನ್ನೊಬ್ಬರು ಪಕ್ಕದ ಮನೆಯ ರಸಿಲಾಬೆನ್. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಅದರಲ್ಲೊಂದು ಪುಟ್ಟ ಕಿಟಕಿ. ಆ ಕಿಟಕಿಯಲ್ಲಿ ಮೂವತ್ತೊಂದು ವರ್ಷದಿಂದ ಒಂದು ಬಟ್ಟಲು ಓಡಾಡುತ್ತಿತ್ತು. ಈ ಕಡೆಯಿಂದ ಕಢಿ ಹೋದರೆ ಆ ಕಡೆಯಿಂದ ಢೋಕಳಾ ಬರುತ್ತಿತ್ತು. ಏನೂ ಇಲ್ಲದ ದಿನ ಚೂರು ಬೆಲ್ಲವಾದರೂ ಇರುತ್ತಿತ್ತು. ಬಟ್ಟಲನ್ನು ಖಾಲಿ ಮರಳಿಸುವುದು ಇಲ್ಲಿ ಯಾರೂ ಮಾಡದ ಕೆಲಸ.

ಹೋದ ಚಳಿಗಾಲದಲ್ಲಿ ಜಶುಬೆನ್ ಸೊಸೆ ಫಾಲ್ಗುನಿ, ಬೆಳಗಿನ ಶಾಲೆ ಮುಗಿಸಿ ಬಂದ ಮಕ್ಕಳಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಹಡಿಯ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಗಣಿತ ಹೇಳಿಕೊಡಲು ಒಪ್ಪಿಕೊಂಡಳು. ಅದಕ್ಕಾಗಿ ವೈಫೈ ಬಂತು. ಮನೆಯ ಕೆಳ ಅಂತಸ್ತಿನಲ್ಲಿ ಬಿಡುವಿದ್ದ ಪ್ಲಗ್ಗು ಒಂದೇ, ಅದೂ ದೇವರ ಕೋಣೆಯಲ್ಲಿ. ಕೇಬಲ್ಲಿನವನು ಲಾಲಜಿಯ ಮಂಟಪದ ಪಕ್ಕದ ಗೂಡಿನಲ್ಲಿ ಪೆಟ್ಟಿಗೆ ಇಟ್ಟ.

“ಇದು ಕಣ್ಣು ಮಿಟುಕಿಸ್ತಾ ಇದೆಯಲ್ಲ, ಯಾರನ್ನ ನೋಡುತ್ತೆ?” ಎಂದು ಜಶುಬೆನ್ ಕೇಳಿದರು.

“ಯಾರನ್ನೂ ನೋಡಲ್ಲ ಮಾಸಿ. ನೆಟ್ ಬರ್ತಿದೆ ಅಂತ ಹೇಳುತ್ತೆ, ಅಷ್ಟೇ. ಪಾಸ್‌ವರ್ಡ್ ಏನಿಡಲಿ?”

“ಕಿವಿ ತಾ ಇಲ್ಲಿ.”

ಕಿವಿಯಲ್ಲಿ ಹೇಳಿದ್ದು ಲಾಲಜಿಯ ಹೆಸರು ಅಂತ ಪೋಳದ ಬೆಕ್ಕಿಗೂ ಹೊಳೆಯುತ್ತಿತ್ತು. ಮೂರನೆಯ ದಿನಕ್ಕೆ ತಕರಾರು ಶುರುವಾಯಿತು. ಬೆಳಿಗ್ಗೆ ನೆಟ್ಟು ಚೆನ್ನಾಗಿರುತ್ತದೆ, ಸಂಜೆಯೂ ಚೆನ್ನಾಗಿರುತ್ತದೆ, ಫಾಲ್ಗುನಿಯ ಪಾಠದ ಹೊತ್ತಿಗೆ ಮಾತ್ರ ಸತ್ತುಹೋಗುತ್ತದೆ. ಕೇಬಲ್ಲಿನವನು ಬೆಳಿಗ್ಗೆ ಹನ್ನೊಂದಕ್ಕೆ ಬಂದು ನೋಡಿದ, ಎಲ್ಲ ಸರಿ ಇತ್ತು. “ಮಧ್ಯಾಹ್ನ ಯಾರೋ ನಿಮ್ಮ ನೆಟ್ ಎಳೀತಿದಾರೆ ಮಾಸಿ” ಎಂದು ಹೇಳಿ ಹೊರಟುಹೋದ. ಇಂಥ ಮಾತನ್ನು ಬೇರೆ ಯಾರ ಮನೆಯಲ್ಲಾದರೂ ಹೇಳಬಹುದಿತ್ತು, ಜಶುಬೆನ್ ಮನೆಯಲ್ಲಿ ಹೇಳಬಾರದಿತ್ತು.

ಪಾಸ್‌ವರ್ಡ್ ಬದಲಾಯಿತು. ಮರುದಿನವೂ ಅದೇ ಕಥೆ. “ಇನ್ನೊಂದು ವಾರ ಹೀಗೇ ಆದ್ರೆ ಬೇರೆ ಟೀಚರ್‌ನ ನೋಡ್ಕೋತಾರಂತೆ ಮಮ್ಮಿ” ಎಂದಳು ಫಾಲ್ಗುನಿ. ಆ ಸಂಜೆ ಜಶುಬೆನ್ ನನ್ನ ಜಗಲಿಗೆ ಬಂದು, ದನಿ ತಗ್ಗಿಸಿ, ರಸಿಲಾಬೆನ್ ಮನೆಯ ಕಡೆ ಹುಬ್ಬು ಹಾರಿಸಿದರು.

“ಗಮನಿಸಿದ್ದೀರಾ? ಒಂದರಿಂದ ನಾಲ್ಕರ ತನಕ ಆ ಮನೆಯಲ್ಲಿ ಪಿಟ್ ಅನ್ನಲ್ಲ. ಅಷ್ಟು ಬಾಯಿ ಇರೋ ಹೆಂಗಸು ಅಷ್ಟು ಹೊತ್ತು ಸುಮ್ಮನಿರ್ತಾಳೆ ಅಂದ್ರೆ ಏನರ್ಥ? ಕಿವಿಗೆ ವೈರ್ ಸಿಕ್ಕಿಸ್ಕೊಂಡು ಸೀರಿಯಲ್ ನೋಡ್ತಿರ್ತಾಳೆ. ಪಾಸ್‌ವರ್ಡ್ ಹೇಳೋವಾಗ ಕಿಟಕಿ ತೆರೆದೇ ಇತ್ತು.”

ನಗಬೇಕಿತ್ತು ನಾನು. ನಗಲಿಲ್ಲ. ಮರುದಿನ ಮಧ್ಯಾಹ್ನ ಕಿವಿಗೊಟ್ಟು ಕೂತೆ. ನಿಜಕ್ಕೂ ರಸಿಲಾಬೆನ್ ಮನೆಯಿಂದ ಒಂದು ಲೋಟದ ಸದ್ದೂ ಬರಲಿಲ್ಲ. ನನ್ನ ತಲೆಯಲ್ಲೂ ಹುಳ ಹೊಕ್ಕಿತು.

ಜಶುಬೆನ್ ಕಿಟಕಿಯ ಅಗುಳಿ ಹಾಕಿದರು. ಅದೂ ಸಾಲದೆ, ಓಣಿಯಲ್ಲಿ ಹೆಂಗಸರೆಲ್ಲ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಾಗ, “ಕೆಲವರ ಮನೆ ಮಧ್ಯಾಹ್ನ ಯಾಕಷ್ಟು ತೆಪ್ಪಗಿರುತ್ತೆ ಅಂತ ನನಗೆ ಗೊತ್ತು. ಬೇಕಿದ್ರೆ ಕೇಳಿ ತಗೋಬೇಕು, ಕದೀಬಾರದು” ಎಂದರು. ರಸಿಲಾಬೆನ್ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಜಶುಬೆನ್ ಜಗಲಿಯ ಮೇಲೆ ಆ ಬಟ್ಟಲು ಕೂತಿತ್ತು. ತೊಳೆದು ಒರೆಸಿತ್ತು, ಒಳಗೆ ಏನೂ ಇರಲಿಲ್ಲ. ಜಶುಬೆನ್ ಅದನ್ನು ಎತ್ತಿಕೊಂಡು ಒಳಗೆ ಹೋದರು.

ಆ ವಾರವೇ ಜಶುಬೆನ್ ಯಾರದೋ ಸಾವಿಗೆ ಹೋಗಬೇಕಾಯಿತು. ಮಧ್ಯಾಹ್ನ ಲಾಲಜಿಯನ್ನು ಮಗುವಿನಂತೆ ಮಲಗಿಸುವ ಕೆಲಸವನ್ನು ಮೊದಲ ಸಲ ಸೊಸೆಗೆ ಒಪ್ಪಿಸಿದರು. ಒಂದಕ್ಕೆ ಪರದೆ ಎಳೆದರೆ ನಾಲ್ಕರವರೆಗೆ ಆ ಕೋಣೆಗೆ ಅವರ ಹೊರತು ಯಾರೂ ಹೋಗುವಂತಿರಲಿಲ್ಲ. ಮೂರು ದಾಟಿದ ಮೇಲೆ ಅವರು ಮರಳಿ ಬಂದು ಸ್ನಾನ ಮುಗಿಸಿದರು. ನೀರು ಕುಡಿಯಲು ಕೆಳಗಿಳಿದ ಫಾಲ್ಗುನಿಯ ಮುಖ ಅರಳಿತ್ತು.

“ಇವತ್ತು ಒಂದು ಸಲಾನೂ ಕಟ್ ಆಗಲಿಲ್ಲ ಮಮ್ಮಿ.”

“ಅದಿರಲಿ, ಲಾಲಜಿ ಮಲಗಿದ ಮೇಲೆ ಮುಚ್ಚಿದೆ ತಾನೆ?”

“ಏನನ್ನ?”

“ಆ ಪೆಟ್ಟಿಗೆಯನ್ನ. ಪಿಳಿಪಿಳಿ ಅಂತಿದ್ರೆ ಮಗು ಹೇಗೆ ನಿದ್ದೆ ಮಾಡುತ್ತೆ? ದಿನಾ ನಾನು ದೊಡ್ಡ ಹಿತ್ತಾಳೆ ತಪ್ಪಲೆ ಬೋರಲು ಹಾಕ್ತೀನಿ.”

ಫಾಲ್ಗುನಿ ಲೋಟ ಕೆಳಗಿಟ್ಟಳು. “ಮಮ್ಮಿ, ಹಿತ್ತಾಳೆ ಮುಚ್ಚಿದ್ರೆ ನೆಟ್ ಹೊರಗೆ ಬರೋದು ಹೇಗೆ?”

“ವೈರು ಹಾಗೇ ಇರುತ್ತಲ್ಲ,” ಎಂದು ಶುರು ಮಾಡಿದ ಜಶುಬೆನ್ ಮಾತು ಅಲ್ಲೇ ನಿಂತಿತಂತೆ. ಇದೆಲ್ಲ ಫಾಲ್ಗುನಿ ಆಮೇಲೆ ನನಗೆ ಹೇಳಿದ್ದು. ಮುಂದಿನದು ನಾನೇ ಕಣ್ಣಾರೆ ನೋಡಿದ್ದು. ಜಶುಬೆನ್ ಬಟ್ಟಲಿಗೆ ಬೆಲ್ಲದ ಸಿಹಿ ಸುಖಡಿ ತುಂಬಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತರು. ಆ ಬಾಗಿಲಿಗೆ ಅವರು ಹೋಗಿದ್ದನ್ನು ನಾನು ಕಂಡಿರಲಿಲ್ಲ, ಕಿಟಕಿ ಇತ್ತಲ್ಲ.

ಬಾಗಿಲು ತೆರೆಯಿತು. “ತಪ್ಪಾಯ್ತು ರಸಿಲಾಬೆನ್” ಎಂದು ಜಶುಬೆನ್ ಗಟ್ಟಿಯಾಗಿಯೇ ಹೇಳಿದರು. “ನನ್ನ ಕೈಯಾರೆ ನಾನೇ ಮುಚ್ಚಿಟ್ಟು ನಿಮ್ಮ ಮೇಲೆ ಹೊರಿಸಿದೆ.”

ರಸಿಲಾಬೆನ್ ತುಟಿಯ ಮೇಲೆ ಬೆರಳಿಟ್ಟರು. ಅವರ ಮಾತು ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು ಮೆಲ್ಲಗಿತ್ತು.

“ಮೆಲ್ಲಗೆ ಮಾತಾಡಿ, ಇನ್ನೂ ನಾಲ್ಕಾಗಿಲ್ಲ. ನಾನು ಮದುವೆಯಾಗಿ ಬಂದ ವಾರ ಕಿಟಕಿಯಲ್ಲಿ ಬಂದು ಹೇಳಿದ್ರಿ, ಗೋಡೆ ಆಚೆ ಮಗು ಮಲಗಿದೆ, ಸದ್ದು ಮಾಡಬೇಡ ಅಂತ. ಅವತ್ತಿಂದ ಈ ಹೊತ್ತಲ್ಲಿ ಒಂದು ಕುಟ್ಟಾಣಿ ಮುಟ್ಟಿಲ್ಲ ನಾನು.”

ರಸಿಲಾಬೆನ್ ಜೈನರು, ಲಾಲಜಿ ಅವರ ದೇವರಲ್ಲ. ಜಶುಬೆನ್ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಜಗಲಿಯಿಂದ ಎದ್ದು ಒಳಗೆ ಹೋದೆ, ರಸಿಲಾಬೆನ್ ಮುಖ ನೋಡುವ ಯೋಗ್ಯತೆ ನನಗೂ ಇರಲಿಲ್ಲ.

ಕಿಟಕಿಯ ಅಗುಳಿ ತೆಗೆದಿದ್ದು ನಾಲ್ಕು ಹೊಡೆದ ಮೇಲೆಯೇ. ಅದು ಕಿರುಗುಟ್ಟುತ್ತದೆ.