ಅರಕಲಗೂಡಿನ ಮಣ್ಣು, ಹಾಸನದ ಸಿಮೆಂಟು

ಚನ್ನರಾಯಪಟ್ಟಣ ಬಿಟ್ಟಾಗ ಮಳೆ ಹನಿಯುತ್ತಿತ್ತು ಅಂತ ಬರೆಯಲು ಹೋಗಿ ಕೈ ತಡೆದೆ. ಮಳೆ ಬಂದದ್ದು ಹಿಂದಿನ ದಿನ. ಆವತ್ತು ಒಳ್ಳೆ ಬಿಸಿಲಿತ್ತು. ಹೊಳೆನರಸೀಪುರಕ್ಕೆ ಬಸ್ ಚಾರ್ಜು ಒಂದು ರೂಪಾಯಿಯ ಒಳಗೆ. ನಂಜುಂಡ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿನಲ್ಲಿ ಬರೆಯುವಾಗ ಇಂಥವು ಬಿಟ್ಟುಹೋಗುತ್ತವೆ.

ನಂಜುಂಡ ಹೊಳೆನರಸೀಪುರದವನು. ಐವತ್ತರ ದಶಕದಲ್ಲಿ ನಾವಿಬ್ಬರೂ ಒಂದೇ ದಿನ ಬೆಂಗಳೂರಿನ ಒಂದು ಕಾರ್ಖಾನೆಯ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದೆವು. ಸಂಬಳ ಫಿಟ್ಟರ್ ಹೆಸರಿನಲ್ಲಿ, ಕೆಲಸ ಆಡುವುದು ಮಾತ್ರ. ನಾನು ಎರಡೇ ವರ್ಷಕ್ಕೆ ಬಿಟ್ಟುಬಂದು ಚನ್ನರಾಯಪಟ್ಟಣದಲ್ಲಿ ಡ್ರಿಲ್ ಮೇಷ್ಟ್ರಾದೆ. ಅವನು ಮಂಡಿ ಸವೆಯುವವರೆಗೂ ಆಡಿದ, ಕ್ಯಾಪ್ಟನ್ ಆದ, ಈಗ ತಂಡದ ಮ್ಯಾನೇಜರು. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಲ್ಲ ಅವನ ಕೈಲಿ. ನಮ್ಮ ಜಿಲ್ಲೆಯಿಂದ ಒಬ್ಬ ಆಟಗಾರ ಬೇಕು, ಜೊತೆಗೆ ಬಾ ಅಂದಿದ್ದ.

ಹೊಳೆನರಸೀಪುರದಲ್ಲಿ ಹೋಟೆಲಿನವನು ದೋಸೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. “ನಮ್ಮೂರ ಹುಲಿ ಕಣ್ರೀ ಇವ್ರು” ಅಂದ. ಹುಲಿ ಇನ್ನೊಂದು ದೋಸೆ ತಿಂದಿತು. ಅಲ್ಲಿ ಆಡುವವರು ಯಾರೂ ನಂಜುಂಡನಿಗೆ ಹಿಡಿಸಲಿಲ್ಲ.

ಸಂಜೆ ಅರಕಲಗೂಡು. ಸ್ಕೂಲಿನ ಹಿಂದೆ ಮಣ್ಣಿನ ಅಂಕಣ, ಕಮ್ಮಾರ ಬಡಿದುಕೊಟ್ಟ ರಿಂಗು. ಹಿಂದಿನ ದಿನದ ಮಳೆಗೆ ನೆಲ ಇನ್ನೂ ಮೆತ್ತಗಿತ್ತು, ಚೆಂಡು ಪುಟಿಯುತ್ತಿರಲಿಲ್ಲ. ರಸ್ತೆ ಕೆಲಸದ ಜವರ, ಇಪ್ಪತ್ತರ ಆಸುಪಾಸು, ಎಲ್ಲರಿಗಿಂತ ಒಂದು ತಲೆ ಎತ್ತರ, ಚೆಂಡನ್ನು ನೆಲಕ್ಕೆ ಬಿಡದೆಯೇ ಆಡಿದ. ಹಿಡಿದ, ಕೊಟ್ಟ, ಮತ್ತೆ ಹಿಡಿದು ರಿಂಗಿಗೆ ಹಾಕಿದ.

“ಏನ್ ಕೈ ಕಣೋ ಮೇಷ್ಟ್ರೇ ಇವಂದು!” ಅಂತ ನಂಜುಂಡ ನನ್ನ ಬೆನ್ನಿಗೆ ಗುದ್ದಿದ. ಜವರನನ್ನು ಕರೆದು, “ನಾಳೆ ಬೆಳಿಗ್ಗೆ ಆಸನಕ್ಕೆ ಬಾರ್ಲಾ. ಸಾಹೇಬ್ರು ಒಂದ್ಸಲ ನೋಡ್ಲಿ” ಅಂದ.

“ನಾಳೆ ಬತ್ತೀನಿ ಅಂದ್ರೆ ಮೇಸ್ತ್ರಿ ಕೆಲ್ಸದಿಂದ ತೆಗ್ದಾಕ್ತಾನೆ, ಸಾ.”

“ತೆಗೀಲಿ ಬುಡ್ಲಾ. ನಾನೇ ಬುಟ್ಬುಟ್ಟೆ ಅಂತ ಏಳು.”

ಜವರ ಆಗಲೇ ಹೋಗಿ ಹೇಳಿಬಂದ.

ಮರುದಿನ ಹಾಸನ. ಸಿಮೆಂಟಿನ ಅಂಕಣ, ಕುರ್ಚಿಯಲ್ಲಿ ಕಾರ್ಖಾನೆಯ ಸಾಹೇಬರು. ಚೆಂಡು ಕುಟ್ಟಿಕೊಂಡು ಓಡು ಅಂದರು. ಮಣ್ಣಿನಲ್ಲಿ ಚೆಂಡು ಏಳುವುದಿಲ್ಲ, ಅಲ್ಲಿಯವರು ಇಡೀ ತೋಳಿನ ಬಲ ಹಾಕಿ ಕುಟ್ಟುತ್ತಾರೆ. ಜವರ ಹಾಗೇ ಕುಟ್ಟಿದ. ಚೆಂಡು ಎದ್ದು ಅವನ ಗದ್ದಕ್ಕೇ ಬಡಿಯಿತು. ಇನ್ನೊಮ್ಮೆ ಕುಟ್ಟಿದ. ಇನ್ನೊಮ್ಮೆ ಬಡಿಯಿತು. ಸಾಹೇಬರು ನಕ್ಕರು.

“ರಾಗಿ ಕುಟ್ಟೋದೇ ಅಭ್ಯಾಸ, ಸರ್” ಅಂದ ನಂಜುಂಡ, ಬೆಂಗಳೂರಿನ ದನಿಯಲ್ಲಿ.

ಅವನನ್ನು ಪಕ್ಕಕ್ಕೆಳೆದೆ. “ಒಂದು ವಾರ ಕೊಡೋ. ಸಿಮೆಂಟಿನ ಮೇಲೆ ಮೊದಲನೇ ದಿನ ನೀನು ಮೂಗು ಒಡ್ಕೊಂಡಿರ್ಲಿಲ್ವಾ? ಕೋಚು ಒಂದು ವಾರ ಕೂತು ಕಲಿಸ್ಲಿಲ್ವಾ?”

“ನಾನಾ? ಮೂಗು ಒಡ್ಕೊಂಡಿದ್ದು ನೀನು ಕಣೋ!”

ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬಿದ್ದ. ನಾನೂ ಒಂದು ಗಳಿಗೆ ನನ್ನ ಮೂಗು ಮುಟ್ಟಿ ನೋಡಿಕೊಂಡೆ. ಮೈ ಉರಿಯಿತು. “ಯಾರ ಮೂಗಾದರೇನೋ? ಆ ಒಂದು ವಾರ ಇಬ್ಬರಿಗೂ ಕೊಟ್ಟಿದ್ದರಲ್ಲ!”

“ಆಗಿನ ಕಾಲ ಬೇರೆ. ಟೀಮು ಧರ್ಮಛತ್ರ ಅಲ್ಲ, ಮೇಷ್ಟ್ರೇ.” ಅಂಕಣದಲ್ಲಿದ್ದ ಹಾಸನದವನೇ ಒಬ್ಬನ ಹೆಸರು ಬರೆದುಕೊಂಡು ಪೆನ್ನಿನ ಕ್ಯಾಪು ಹಾಕಿದ.

ಜವರ ಬಸ್ ಸ್ಟ್ಯಾಂಡಿನವರೆಗೂ ನಮ್ಮ ಹಿಂದೆಯೇ ಬಂದ. “ಮೇಸ್ತ್ರಿಗೆ ಏನಂತ ಏಳ್ಲಿ, ಸಾ?” ಅಂತ ಕೇಳಿದ. ನಂಜುಂಡ, “ಮುಂದಿನ ವರ್ಷ ನೋಡಾಣ ಕಣ್ಲಾ” ಅಂದು ಬಸ್ಸು ಹತ್ತಿದ.

ಆಮೇಲೆ ನಂಜುಂಡನ ಕಾಲರ್ ಹಿಡಿದು ಬಸ್ಸಿನಿಂದ ಇಳಿಸಿದೆ ಅಂತ ಊರಲ್ಲಿ ಒಬ್ಬಿಬ್ಬರಿಗೆ ಹೇಳಿದ್ದೇನೆ. ಇಳಿಸಲಿಲ್ಲ. ಹಿಂದೆಯೇ ಹತ್ತಿ ಅವನ ಪಕ್ಕದಲ್ಲೇ ಕೂತೆ. ಚನ್ನರಾಯಪಟ್ಟಣದವರೆಗೆ ಇಪ್ಪತ್ತಕ್ಕೂ ಹೆಚ್ಚು ಮೈಲಿ, ಅವನ ತೋಳು ನನ್ನ ತೋಳಿಗೆ ತಗಲುತ್ತಲೇ ಇತ್ತು. ಬಸ್ಸು ಸ್ಟ್ಯಾಂಡು ಬಿಟ್ಟು ತಿರುಗುವಾಗ ಹಿಂದಕ್ಕೆ ನೋಡಿದ್ದೆ. ಜವರ ನಮ್ಮ ಕಡೆ ನೋಡುತ್ತಿರಲಿಲ್ಲ. ಅರಕಲಗೂಡಿನ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಇನ್ಯಾರನ್ನೋ ಕೇಳುತ್ತಿದ್ದ.