ತೊಡಕಿನ ದಿನ ಮುಟ್ಟದ ಪೊರಕೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಎಂಟನೇ ಕ್ಲಾಸಿನ ನಡುವೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಕೆಲವು ವರ್ಷ ಅಪ್ಪನ ಜೊತೆ ಹೊಲ ಗೇದೆ. ಪೀಣ್ಯದ ಸುತ್ತ ಸಾಲಾಗಿ ಶೆಡ್ಡುಗಳು ಏಳತೊಡಗಿದಾಗ, ನಮ್ಮ ಹಳ್ಳಿಯಿಂದ ನಡೆದು ಹೋಗುವಷ್ಟು ದೂರದ ಒಂದು ವರ್ಕ್‌ಶಾಪಿಗೆ ಹೆಲ್ಪರ್ ಆಗಿ ಸೇರಿದೆ. ಹೆಲ್ಪರ್ ಅಂದರೆ ಪೊರಕೆ. ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದಿಂದ ಉದುರುವ ಸುರುಳಿ ಗುಡಿಸುವುದು, ಎಣ್ಣೆ ಒರೆಸುವುದು, ಟೀ ತರುವುದು. ಲೇತಿನ ಪಕ್ಕ ನಿಂತು ನೋಡಬಹುದು, ಹಿಡಿಕೆ ಮುಟ್ಟುವಂತಿಲ್ಲ.

ಒಂದು ಯುಗಾದಿಯ ಸಂಜೆ ಚಂದ್ರನನ್ನು ಕಂಡು, ಅಪ್ಪ ಅವ್ವನ ಕಾಲಿಗೆ ಬಿದ್ದು, ಊರ ಮಾರಮ್ಮನ ಗುಡಿಗೆ ಹೋದೆ. ಎಲ್ಲರೂ ಏನೇನೋ ಬೇಡಿಕೊಳ್ಳುತ್ತಿದ್ದರು. ನಾನು ಬೇಡಲಿಲ್ಲ, ಮಾತು ಕೊಟ್ಟೆ: "ತಾಯೀ, ಈ ವರ್ಷ ಲೇತ್ ಮುಂದೆ ನಿಂತೇ ನಿಲ್ತೀನಿ. ಕೈ ನಂದು, ಕಣ್ಣು ನಿಂದು."

ಮಾರನೆಯ ದಿನ ಹೊಸತೊಡಕು. ಅಂದು ಏನು ಮಾಡುತ್ತೇವೋ ಅದೇ ವರ್ಷವಿಡೀ ನಮ್ಮನ್ನು ಹಿಡಿದುಕೊಳ್ಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಮನೆಮನೆಯಲ್ಲೂ ಬಾಡೂಟ, ಅರಳಿಕಟ್ಟೆಯ ಮೇಲೆ ಇಸ್ಪೀಟು. ಕೆಲಸಕ್ಕೆ ಹೊರಟವನು ನಾನೊಬ್ಬನೇ. ಎಲೆ ಕಲಸುತ್ತಿದ್ದ ಚಿಕ್ಕಪ್ಪನ ಮಗ ಕಟ್ಟೆಯ ಮೇಲಿಂದ ಕೂಗಿದ:

"ಏನ್ಲಾ, ತೊಡಕಿನ್ ದಿನಾನೂ ಪೊರಕೆ ಇಡ್ಯಾಕ್ ಒಂಟ್ಯಾ? ಮುಗೀತು ಬುಡು, ವರ್ಸೆಲ್ಲ ಅದೇಯ!"

ಕಟ್ಟೆಯೆಲ್ಲ ನಕ್ಕಿತು. ಅಂದು ಕೆಲಸಕ್ಕೆ ಹೋಗುವುದೇ ದೊಡ್ಡದು ಎಂದುಕೊಂಡಿದ್ದೆ. ಹೋಗಿ ಪೊರಕೆ ಹಿಡಿದರೆ ನನ್ನ ವರ್ಷವನ್ನು ನಾನೇ ಗುಡಿಸಿ ಹಾಕಿದಂತೆ.

ಶೆಡ್ಡಿನಲ್ಲಿ ಮೇಸ್ತ್ರಿ ಒಬ್ಬರೇ ಇದ್ದರು. ಸೇಲಂ ಕಡೆಯ ತಮಿಳರು. "ನಮ್ಮ ವರ್ಷ ಇನ್ನೂ ಹುಟ್ಟಿಲ್ಲಪ್ಪಾ" ಎಂದು ನಮ್ಮ ಯುಗಾದಿ, ತೊಡಕಿಗೂ ಕೆಲಸಕ್ಕೆ ಬರುವವರು.

"ಬಂದ್ಯಾ? ಒಳ್ಳೇದಾಯ್ತು. ಮೊದ್ಲು ಗುಡ್ಸು."

"ಇವತ್ತು ಪೊರಕೆ ಮುಟ್ಟಲ್ಲ ಸಾರ್."

"ಮತ್ಯಾಕೆ ಬಂದೆ, ನನ್ ಮುಖ ನೋಡೋಕಾ?"

ಮಾರಮ್ಮನಿಗೆ ಕೊಟ್ಟ ಮಾತು, ತೊಡಕು, ಕಟ್ಟೆಯವರ ನಗು, ಎಲ್ಲ ಹೇಳಿದೆ. ಕೆಲಸದಿಂದ ತೆಗೆದರೆ ತೆಗೆಯಲಿ ಎಂದು ನಿಂತೆ. ಅವರು ಬೀಡಿ ಮುಗಿಸಿ ತುಂಡನ್ನು ಹೊಸಕಿದರು. ಆಮೇಲೆ ಮೂಲೆಯ ಹಳೇ ಲೇತಿನ ಕಡೆ ಗದ್ದ ಎತ್ತಿದರು.

"ಮಾರಮ್ಮನ ಹತ್ರ ಜಗಳ ನಂಗ್ಯಾಕೆ? ಹೋಗು, ಒಂದು ಬುಷ್ ಮಾಡು, ನೋಡೋಣ."

ಬುಷ್ ಅಂದರೆ ತಿರುಗುವ ಅಚ್ಚಿಗೆ ತೊಡಿಸುವ ದಪ್ಪ ಲೋಹದ ಬಳೆ. ಕಣ್ಣಿಗೆ ಆ ಕೆಲಸ ಬಾಯಿಪಾಠವಾಗಿತ್ತು, ಕೈಗೆ ಇರಲಿಲ್ಲ. ಲೋಹ ಹೆರೆಯುವ ಟೂಲ್ ಒಂದು ಕೂದಲೆಳೆಯಷ್ಟು ಹೆಚ್ಚು ಒಳಗೆ ಹೋಯಿತು. ಮೇಸ್ತ್ರಿ ಅಳತೆ ಹಿಡಿದು, "ಸತ್ತೋಯ್ತು" ಎಂದರು. ನಾನು ಲೇತ್ ಆಫ್ ಮಾಡಿ, ಕೆಟ್ಟ ಬುಷ್ ಜೇಬಿಗೆ ಹಾಕಿಕೊಂಡು ಹಿಂದೆ ಸರಿದೆ.

"ಎಲ್ಲಿಗೋ? ತೊಡಕಿನ ದಿನ ಕೆಡಿಸಿ ನಿಲ್ಸಿದ್ರೆ ವರ್ಷ ಎಲ್ಲಾ ಕೆಡಿಸ್ತೀಯ. ಆಮೇಲೆ ನನ್ ಗತಿ? ಇನ್ನೊಂದು ಕಟ್ಟು!"

ಹೊಸ ತುಂಡೊಂದನ್ನು ಲೇತಿಗೆ ಕಟ್ಟಿದೆ. ಉಸಿರು ಹಿಡಿದು ಹಿಡಿಕೆ ತಿರುಗಿಸಿದೆ. ಬಿಸಿ ಸುರುಳಿ ಮುರಿಯದೆ ಬಿಚ್ಚಿಕೊಂಡು ಬಂತು. ಮೇಸ್ತ್ರಿ ಅಳತೆ ನೋಡಿದರು, ಇನ್ನೊಮ್ಮೆ ನೋಡಿದರು, ಅದನ್ನು ಒಳ್ಳೇ ಮಾಲಿನ ತಟ್ಟೆಗೆ ಎಸೆದರು. ಟಣ್ ಅಂತು. ಅಂಥ ಸದ್ದನ್ನು ನಾನು ಗುಡಿಯ ಗಂಟೆಯಲ್ಲೂ ಕೇಳಿಲ್ಲ.

ಮಧ್ಯಾಹ್ನ ಅವ್ವ ಊಟದ ಕುಕ್ಕೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ಅಸ್ಕಂಡ್ ಕೂತಿದ್ದೀಯಾ? ತೊಡಕಿನ್ ದಿನ ಒಟ್ಟೆ ಕಾಯ್ಸುದ್ರೆ ವರ್ಸೆಲ್ಲ ಕಾಯ್ಬೇಕಾಯ್ತದೆ ಕಣ್ಲಾ!"

"ನಂಗೂ ಇದೆಯೇನಮ್ಮಾ?" ಎಂದರು ಮೇಸ್ತ್ರಿ.

"ಉಣ್ಣಿ ಸಾಮಿ. ನನ್ ಮಗನ ಕೈಗೆ ಪೊರಕೆ ಮಾತ್ರ ಕೊಡ್ಬ್ಯಾಡಿ ಇವತ್ತು. ಕಟ್ಟೆ ಮ್ಯಾಲೆ ಎಲ್ಲಾ ನಗ್ತಾವ್ರೆ."

"ಇವತ್ತೊಂದೇ ಅಲ್ಲಮ್ಮಾ," ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. "ನಾಳೆಯಿಂದಾನೂ ಗುಡ್ಸೋಕೆ ಬೇರೆಯೋರನ್ನ ನೋಡ್ತೀನಿ."

ಸಂಜೆ ಅರಳಿಕಟ್ಟೆಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದೆ. ಕೈಯ ಎಣ್ಣೆಮಸಿ ತೊಳೆದಿರಲಿಲ್ಲ.

ಈಗ ನನಗಿರುವುದು: ಅದೇ ಪೀಣ್ಯದಲ್ಲಿ ಸ್ವಂತ ಶೆಡ್ಡು ಒಂದು. ಲೇತು ಆರು. ಕೆಲಸಗಾರರು ಒಂಬತ್ತು ಜನ. ದೇವರ ಗೂಡಿನಲ್ಲಿ ಆ ತೊಡಕಿನ ಕೆಟ್ಟ ಬುಷ್ ಒಂದು.