ಬಾಗಿಲ ಹಿಂದಿನ ಬೀಜಗಣಿತ

ಬಳ್ಳಾರಿಯ ಒಂದು ವಾರಪತ್ರಿಕೆಗೆ ನಾನು ಗಣಿತದ ಬಗ್ಗೆ ಬರೆಯುತ್ತಿದ್ದೆ. ಲೆಕ್ಕದಲ್ಲಿ ಅಭಿಪ್ರಾಯ ಎಂಥದ್ದು, ಎರಡು ಎರಡಲೆ ನಾಲ್ಕೇ ತಾನೆ ಎಂದು ನಗುವವರಿದ್ದರು. ಲೆಕ್ಕ ಯಾರಿಗೆ ಕಲಿಸಬೇಕು, ಯಾರಿಗೆ ಬೇಡ ಅನ್ನುವುದು ಅಭಿಪ್ರಾಯವಲ್ಲದೆ ಮತ್ತೇನು? ನಾನು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನ ಕಮಿಟಿಯವರು ಬೀಜಗಣಿತ ತೆಗೆದುಹಾಕಿ ಮನೆವಾರ್ತೆಯ ಲೆಕ್ಕವಷ್ಟೇ ಸಾಕೆಂದು ಹೊರಟಾಗ ನನಗೆ ಮೈಯೆಲ್ಲ ಉರಿಯಿತು. ತಮಗೆ ಬಾರದ್ದನ್ನು ಹೆಣ್ಣುಮಕ್ಕಳಿಗೂ ಬೇಡ ಅನ್ನುತ್ತಾರೆ ಎಂದು ಬರೆದೇಬಿಟ್ಟೆ.

ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು; ಮುಂದಿನ ವಾರವೇ ಅಲ್ಲಿನ ಶಾಲಾ ಇನ್ಸ್‌ಪೆಕ್ಟರು ತರಗತಿಗೆ ಬಂದರು. ಜೊತೆಗೆ ಕಮಿಟಿಯ ಸಾಹುಕಾರರೊಬ್ಬರು, ಸಿರುಗುಪ್ಪದವರು. ಇನ್ಸ್‌ಪೆಕ್ಟರು ಬೋರ್ಡಿನ ಮೇಲೆ ಒಂದು ಕಠಿಣ ಸಮೀಕರಣ ಬರೆದರು. ಒಬ್ಬಳೇ ಒಬ್ಬಳು ಬಿಡಿಸಿದರೂ ಬೀಜಗಣಿತ ಉಳಿಯುತ್ತದೆ, ಇಲ್ಲವಾದರೆ ಇವತ್ತಿಗೇ ಮುಗಿಯಿತು ಅಂದರು.

ಬಿಡಿಸಬಲ್ಲವಳು ಕುರುಗೋಡಿನ ಹುಡುಗಿ. ಅವಳತ್ತ ನೋಡಿದೆ. ಜಾಗ ಖಾಲಿ. ಅವಳನ್ನು ಈ ಸಾಹುಕಾರರ ಮಗನಿಗೇ ಗೊತ್ತು ಮಾಡಿದ್ದರು. ಪಡಸಾಲೆಯಲ್ಲಿ ಮಾವನಾಗುವವರ ದನಿ ಕೇಳಿದ್ದೇ, ಎದ್ದು ಪಕ್ಕದ ಕೋಣೆಯ ಬಾಗಿಲ ಹಿಂದೆ ಸೇರಿಕೊಂಡಿದ್ದಳು. ಮಾವನೆದುರು ನಿಂತು ಬಾಯಿ ಬಿಡುವ ಸೊಸೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ಉಳಿದ ಹುಡುಗಿಯರು ನೆಲ ನೋಡುತ್ತ ಕೂತರು. ಇನ್ಸ್‌ಪೆಕ್ಟರು ಗಡಿಯಾರ ನೋಡತೊಡಗಿದರು.

ನಾನು ಸಮೀಕರಣವನ್ನು ಸ್ಲೇಟಿನ ಮೇಲೆ ಇಳಿಸಿ ಬಾಗಿಲ ಸಂದಿಯಿಂದ ಒಳಗೆ ತೂರಿಸಿದೆ. ಒಳಗಿನಿಂದ ಬಳಪದ ಸದ್ದು ಬಂತು, ನಿಂತಿತು. ಮತ್ತೆ ಬರಲೇ ಇಲ್ಲ. ಆಮೇಲೆ ಸ್ಲೇಟು ಹೊರಗೆ ಬಂತು. ಉತ್ತರ ಸರಿಯಿತ್ತು.

ಇನ್ಸ್‌ಪೆಕ್ಟರು ಮುಖ ಗಂಟಿಕ್ಕಿ, ಒಳಗೆ ಯಾವ ಮೇಷ್ಟರನ್ನು ಕೂಡಿಸಿದ್ದೀರಮ್ಮ ಎಂದು ತೆಲುಗಿನಲ್ಲಿ ಕೇಳಿದರು. ನಾನು ಏನು ಹೇಳಿದರೂ ನಂಬುವ ಹಾಗಿರಲಿಲ್ಲ. ಆಗ ಸಾಹುಕಾರರು ಎದ್ದರು. ಬಾಗಿಲವರೆಗೆ ಹೋಗಿ ಒಳಗೆ ಇಣುಕಿ, ಹಿಂದಿರುಗಿ ಬಂದರು.

"ಮಾಸ್ತರ ಅಲ್ರಿ, ನಮ್ಮ ಸೊಸಿ ಅದಾಳ. ಬಳಪ ಆಕಿ ಕೈಯಾಗ ಐತಿ, ನಾನ ನೋಡೀನಿ."

ಅಂಥವರ ಮಾತಿಗೆ ಎದುರಾಡುವವರು ಯಾರು? ಬೀಜಗಣಿತ ಉಳಿಯಿತು. ನಾನು ಕೈಮುಗಿದೆ. ಅವರು ಪಂಚೆ ಸರಿಪಡಿಸಿಕೊಳ್ಳುತ್ತ, ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದರು:

"ನೀವು ಬರದದ್ದು ಓದೀನ್ರಿ ಅಕ್ಕಾರ. ಖರೇ ಐತಿ, ನನಗ ಬರಂಗಿಲ್ಲ. ನನ್ನ ಮಗಗೂ ಬರಂಗಿಲ್ಲ. ಆಕಿ ಕಲತದ್ದು ಇಷ್ಟಕ್ಕ ಸಾಕು. ನಾಳಿಂದ ಸಾಲಿ ಬ್ಯಾಡ ಅಂತ ಕುರುಗೋಡಿಗೆ ಹೇಳಿ ಕಳಸ್ತೀನಿ."

ಅವರು ಹೊರಟುಹೋದ ಮೇಲೆ ಹುಡುಗಿ ಬಾಗಿಲು ಸರಿಸಿ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. ತನ್ನ ಜಾಗಕ್ಕೆ ಹೋಗಿ ಕೂತಳು.

"ಅಕ್ಕಾರ, ಇನ್ನ ಎಷ್ಟು ಪಾಠ ಉಳದಾವ್ರಿ? ಸಂಜಿತನ ಆದಷ್ಟು ಹೇಳಿಬಿಡ್ರಿ," ಅಂದಳು.